ಹಗ್ಗ ಎಳೆದಾಗ ಯಾರು ಓಡಿ ಬರುತ್ತಾರೆ? ಫ್ರೀಮಾಂಟ್ ಕಾರ್ಖಾನೆಯ ಒಂದು ಪ್ರಕರಣ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಒಂದು ಕಾರು ಕಾರ್ಖಾನೆ ಇತ್ತು. 1960ರ ದಶಕದ ಆರಂಭದಲ್ಲಿ ಶುರುವಾದದ್ದು. ಅಲ್ಲಿ ಕೆಲಸಕ್ಕೆ ಸೇರಿದವರು ಮೊದಲು ಕಲಿಯುತ್ತಿದ್ದ ಪಾಠ ಒಂದೇ: ಕಾರುಗಳು ಜೋಡಣೆಯಾಗುತ್ತಾ ಸಾಗುವ ಲೈನ್ ನಿಲ್ಲಿಸಬಾರದು. ಬೋಲ್ಟ್ ಸರಿಯಾಗಿ ಕೂರದಿದ್ದರೂ ಕಾರು ಮುಂದಕ್ಕೆ ಹೋಗಬೇಕು. ತಪ್ಪು ಬಿಡಿಭಾಗ ಕೂರಿಸಿದ್ದು ಕಣ್ಣಿಗೆ ಬಿದ್ದರೂ ಹೋಗಬೇಕು. ಹಾಗೆ ಹೋದ ಕಾರುಗಳು ಕೊನೆಗೆ ಹೊರಗಿನ ಅಂಗಳದಲ್ಲಿ ಸಾಲಾಗಿ ನಿಲ್ಲುತ್ತಿದ್ದವು. ಅವನ್ನು ಬಿಚ್ಚಿ ಮತ್ತೆ ಜೋಡಿಸುವುದಕ್ಕೆ ಬೇರೆಯೇ ಜನ ಇದ್ದರು.

1982ರಲ್ಲಿ ಕಂಪನಿ ಆ ಕಾರ್ಖಾನೆಯನ್ನು ಮುಚ್ಚಿತು. 1984ರ ಕೊನೆಗೆ, ಜಪಾನಿನ ಟೊಯೋಟ ಕಂಪನಿಯ ಉಸ್ತುವಾರಿಯಲ್ಲಿ, ಅದೇ ಕಟ್ಟಡದಿಂದ ಮತ್ತೆ ಕಾರುಗಳು ಹೊರಬಂದವು. ಕೆಲಸಗಾರರಲ್ಲಿ ಶೇ. 85ರಷ್ಟು ಜನ ಹಳಬರೇ. ಯೂನಿಯನ್ ಕೂಡ ಅದೇ. ಆದರೆ ಎರಡು ವರ್ಷದೊಳಗೆ ಅಲ್ಲಿನ ಕಾರುಗಳು ಗುಣಮಟ್ಟದಲ್ಲಿ ಜಪಾನಿನ ಕಾರುಗಳ ಸಮಕ್ಕೆ ಬಂದಿದ್ದವು.

ಈ ಪ್ರಕರಣವನ್ನು ಹೆಚ್ಚಿನವರು ಉಪಕರಣಗಳ ಕತೆಯಾಗಿ ಹೇಳುತ್ತಾರೆ. ತೊಂದರೆ ಕಂಡಾಗ ಎಳೆಯುವ ಆಂಡಾನ್ ಹಗ್ಗ, ಬೇಕಾದಾಗ ಬೇಕಾದಷ್ಟೇ ಬಿಡಿಭಾಗ ತರಿಸುವ ಕಾನ್‌ಬಾನ್ ಚೀಟಿ, ಕೆಲಸವನ್ನು ದಿನವೂ ಸ್ವಲ್ಪ ಸ್ವಲ್ಪ ಸುಧಾರಿಸುವ ಕೈಜೆನ್ ಹೀಗೆ. ನನ್ನ ಮಟ್ಟಿಗೆ ಇದು ಮೇಲ್ವಿಚಾರಕರ ಕತೆ. ಕೆಲಸಗಾರ "ಇಲ್ಲಿ ತೊಂದರೆ ಇದೆ" ಎಂದಾಗ ಮೇಲಿನವರು ಮುಂದಿನ ಒಂದು ನಿಮಿಷದಲ್ಲಿ ಏನು ಮಾಡುತ್ತಾರೆ? ಬದಲಾವಣೆ ಉಳಿಯುತ್ತದೋ ಅಳಿಯುತ್ತದೋ ಎನ್ನುವುದು ಆ ಒಂದು ನಿಮಿಷದ ಮೇಲೆ ನಿಂತಿದೆ ಎಂದು ನಾನು ನಂಬಿದ್ದೇನೆ. ಹಾಗೆ ನಂಬಲು ಫ್ರೀಮಾಂಟ್ ನನಗೆ ದೊಡ್ಡ ಕಾರಣ.

ಹಳೆಯ ಫ್ರೀಮಾಂಟ್

ಆ ಕಾರ್ಖಾನೆಗೆ ಕೆಟ್ಟ ಹೆಸರಿತ್ತು. ಯುನೈಟೆಡ್ ಆಟೋ ವರ್ಕರ್ಸ್ ಯೂನಿಯನ್‌ನ ಪಶ್ಚಿಮ ವಲಯದ ಮುಖ್ಯಸ್ಥರಾಗಿದ್ದ ಬ್ರೂಸ್ ಲೀ ಅಲ್ಲಿನ ಕಾರ್ಮಿಕರ ಪರವಾಗಿಯೇ ಇದ್ದವರು. ಅಮೆರಿಕದ ಕಾರು ಉದ್ಯಮದಲ್ಲೇ ಅತಿ ಕೆಟ್ಟ ಕೆಲಸಗಾರರು ಎಂಬ ಹೆಸರು ಇವರಿಗಿತ್ತು ಎಂದು ಅವರೇ ಮುಂದೆ ಹೇಳಿಕೊಂಡರು. ದಿನವೂ ಐವರಲ್ಲಿ ಒಬ್ಬರು ಕೆಲಸಕ್ಕೆ ಬರುತ್ತಿರಲಿಲ್ಲ. ಯೂನಿಯನ್ ಒಪ್ಪಿಗೆ ಇಲ್ಲದೆಯೇ ದಿಢೀರ್ ಮುಷ್ಕರಗಳು ಆಗುತ್ತಿದ್ದವು. ತೀರ್ಮಾನವಾಗದ ದೂರುಗಳು ಸಾವಿರಾರು. ಕೆಲಸದ ಹೊತ್ತಿನಲ್ಲಿ ಕುಡಿತವೂ ಇತ್ತು. ಬೇಕಂತಲೇ ಕಾರು ಕೆಡಿಸುವುದೂ ನಡೆಯುತ್ತಿತ್ತು.

ಇಷ್ಟು ಕೇಳಿದರೆ "ಜನರೇ ಸರಿ ಇರಲಿಲ್ಲ" ಅನಿಸುತ್ತದೆ, ಅಲ್ವಾ? ಆಗಿನ ಆಡಳಿತಕ್ಕೂ ಹಾಗೇ ಅನಿಸಿತ್ತು. ಆದರೆ ಒಂದು ಕ್ಷಣ ಆ ಲೈನ್‌ನ ಪಕ್ಕ ನಿಂತು ನೋಡಿ. ಕಣ್ಣೆದುರು ತಪ್ಪು ನಡೆಯುತ್ತಿದೆ. ಹೇಳಿದರೆ ಬೈಗುಳ. ಹೇಳದಿದ್ದರೆ ಏನೂ ಆಗುವುದಿಲ್ಲ. ಕೆಲಸ ಹೇಗೆ ಮಾಡಬೇಕೆಂದು ತೀರ್ಮಾನಿಸುವವರು ಸ್ಟಾಪ್‌ವಾಚ್ ಹಿಡಿದ ಎಂಜಿನಿಯರ್‌ಗಳು. ಅವರು ಬರುವುದು ಕಂಡರೆ ಕೆಲಸಗಾರರು ನಿಧಾನ ಮಾಡುತ್ತಿದ್ದರು, ಯಾಕೆಂದರೆ ಬೇಗ ಮುಗಿಸಿದರೆ ತಲೆಯ ಮೇಲೆ ಇನ್ನಷ್ಟು ಕೆಲಸ ಬೀಳುತ್ತಿತ್ತು. ಹೀಗೆ ಹತ್ತು ವರ್ಷ ಕಳೆದವರು ಕಾರಿನ ಬಗ್ಗೆ ಕಾಳಜಿ ಇಟ್ಟುಕೊಳ್ಳುವುದು ಹೇಗೆ? ಆ ಜಾಗ ಅವರಿಗೆ ಪ್ರತಿದಿನ ಹೇಳುತ್ತಿದ್ದದ್ದು ಒಂದೇ ಮಾತು: ನಿನ್ನ ಕೈ ಸಾಕು, ಉಳಿದದ್ದು ಬೇಡ.

ಅದೇ ಜನರನ್ನು ಮತ್ತೆ ಕರೆದದ್ದು

1983ರ ಫೆಬ್ರುವರಿಯಲ್ಲಿ ಜನರಲ್ ಮೋಟಾರ್ಸ್ ಮತ್ತು ಟೊಯೋಟ ಒಂದು ಜಂಟಿ ಕಂಪನಿಗೆ ಸಹಿ ಹಾಕಿದವು. ಹೆಸರು ನ್ಯೂ ಯುನೈಟೆಡ್ ಮೋಟಾರ್ ಮ್ಯಾನುಫ್ಯಾಕ್ಚರಿಂಗ್. ಎಲ್ಲರೂ ಕರೆದದ್ದು ನುಮ್ಮಿ ಅಂತ. ಜನರಲ್ ಮೋಟಾರ್ಸ್‌ಗೆ ಒಳ್ಳೆಯ ಸಣ್ಣ ಕಾರು ಬೇಕಿತ್ತು, ಬೀಗ ಬಿದ್ದ ಕಾರ್ಖಾನೆಗೆ ಕೆಲಸ ಬೇಕಿತ್ತು. ಅಮೆರಿಕದ ಕೆಲಸಗಾರರ ಜೊತೆ ತನ್ನ ಪದ್ಧತಿ ನಡೆಯುತ್ತದೆಯೇ ಎಂದು ಟೊಯೋಟಕ್ಕೆ ತಿಳಿಯಬೇಕಿತ್ತು. ಕಾರ್ಖಾನೆ ನಡೆಸುವ ಹೊಣೆ ಟೊಯೋಟದ್ದು. ಟೊಯೋಟವನ್ನು ಕಟ್ಟಿದ ಟೊಯೊಡ ಮನೆತನದ ತತ್ಸುರೊ ಟೊಯೊಡ ಮೊದಲ ಅಧ್ಯಕ್ಷರಾದರು.

ಹಳೆಯ ಯೂನಿಯನ್ ಜೊತೆ ಕೆಲಸ ಮಾಡಲು ಟೊಯೋಟ ಮೊದಲು ಹಿಂದೇಟು ಹಾಕಿತ್ತು. ಅಮೆರಿಕದ ಮಾಜಿ ಕಾರ್ಮಿಕ ಸಚಿವ ಡಬ್ಲ್ಯು. ಜೆ. ಯೂಸರಿ ನಡುವೆ ನಿಂತು ಮಾತುಕತೆ ನಡೆಸಿದರು. ಕೊನೆಗೆ ಹಳೆಯ ಕಾರ್ಮಿಕರಿಗೇ ಮೊದಲ ಅವಕಾಶ ಎಂದು ತೀರ್ಮಾನವಾಯಿತು. ಗಲಾಟೆ ಮಾಡುತ್ತಿದ್ದ ಯೂನಿಯನ್ ಮುಖಂಡರನ್ನೂ ಬಿಡದೆ ಕರೆದರು. ಆಯ್ಕೆ ಮೂರು ದಿನದ್ದು. ಸಂದರ್ಶನ, ಗುಂಪಿನಲ್ಲಿ ಚರ್ಚೆ, ಲೈನ್‌ನ ಕೆಲಸದ ಅಣಕು ಪ್ರಯೋಗ. ಆಯ್ಕೆ ಮಾಡುವವರಲ್ಲಿ ಆಡಳಿತದವರ ಜೊತೆ ಯೂನಿಯನ್‌ನವರೂ ಇದ್ದರು.

ಆಮೇಲೆ ನಡೆದದ್ದನ್ನು ನಾನು ಈ ಇಡೀ ಪ್ರಕರಣದ ಬುಡ ಎಂದು ತಿಳಿದಿದ್ದೇನೆ. ಟೀಮ್ ಲೀಡರ್ ಮತ್ತು ಗ್ರೂಪ್ ಲೀಡರ್ ಆಗಬೇಕಿದ್ದ ನಾನೂರಕ್ಕೂ ಹೆಚ್ಚು ಜನರನ್ನು ತಂಡ ತಂಡವಾಗಿ ಜಪಾನಿಗೆ ಕಳಿಸಿದರು. ಟೊಯೋಟದ ತಕಾಓಕ ಕಾರ್ಖಾನೆಯಲ್ಲಿ ಅವರು ಕೆಲವು ವಾರ ಇದ್ದರು. ತರಗತಿ ಇತ್ತು, ಆದರೆ ಹೆಚ್ಚಿನ ಕಲಿಕೆ ಲೈನ್ ಮೇಲೆಯೇ. ಫ್ರೀಮಾಂಟ್‌ನಲ್ಲಿ ತಾವು ಮಾಡಬೇಕಿದ್ದ ಕೆಲಸವನ್ನೇ ಅಲ್ಲಿ ಜಪಾನಿನ ಜೊತೆಗಾರರ ಪಕ್ಕ ನಿಂತು ಮಾಡಿದರು.

ಅಲ್ಲಿ ಅವರು ಹಿಂದೆ ಬಿದ್ದಾಗ ಯಾರೋ ಒಬ್ಬರು ಪಕ್ಕಕ್ಕೆ ಬಂದರು. ಬೈಯಲು ಅಲ್ಲ, ಕೈಜೋಡಿಸಲು. ಏನಾಯಿತು, ಯಾಕಾಯಿತು, ಹೇಗೆ ಮಾಡಿದರೆ ನಿಮಗೆ ಸುಲಭ ಎಂದು ಕೇಳಿದರು. ಹೇಳಿದ್ದನ್ನು ಬರೆದುಕೊಂಡರು. ಕೆಲವೊಮ್ಮೆ ಅವತ್ತೇ ಒಂದು ಹಲಗೆಯೋ ಹೊಸ ಉಪಕರಣವೋ ಮಾಡಿಸಿ ತಂದುಕೊಟ್ಟರು. ಜೀವನವೆಲ್ಲ "ಸುಮ್ನೆ ಕೆಲಸ ಮಾಡು" ಎಂದು ಕೇಳಿಸಿಕೊಂಡವರಿಗೆ ಇದು ಹೊಸದು. ತಾವು ಹೇಳಿದ್ದನ್ನು ಯಾರೋ ಮಾಡಿ ತೋರಿಸಿದ್ದನ್ನು ಅವರು ಮೊದಲ ಸಲ ನೋಡಿದ್ದರು.

ಗಮನಿಸಿ, ಇವರು ಮುಂದೆ ಮೇಲ್ವಿಚಾರಣೆ ಮಾಡಬೇಕಿದ್ದವರು. ಸಹಾಯ ಮಾಡುವುದು ಹೇಗೆಂದು ಕಲಿಸುವ ಮೊದಲು, ಸಹಾಯ ಪಡೆದರೆ ಹೇಗಿರುತ್ತದೆ ಎನ್ನುವುದನ್ನು ಅವರ ಮೈಗೆ ತಾಗಿಸಿದರು. ಎಷ್ಟೋ ಕಂಪನಿಗಳು ಇದನ್ನು ಎರಡು ದಿನದ ತರಬೇತಿಯಲ್ಲಿ, ಪರದೆಯ ಮೇಲಿನ ಚಿತ್ರಗಳಲ್ಲಿ ಮುಗಿಸುತ್ತವೆ. ಅದು ನಾಟುವುದಿಲ್ಲ. ಈ ತರಬೇತಿಯನ್ನು ರೂಪಿಸಿದವರಲ್ಲಿ ಜಾನ್ ಶುಕ್ ಎಂಬ ಅಮೆರಿಕನ್ನರೂ ಇದ್ದರು. ಟೊಯೋಟ ಅವರನ್ನು ಇದಕ್ಕಾಗಿಯೇ ಜಪಾನಿನಲ್ಲಿ ಕೆಲಸಕ್ಕೆ ತೆಗೆದುಕೊಂಡಿತ್ತು. ಮೊದಲು ಜನರ ಮನಸ್ಸು ಬದಲಿಸಿ ಆಮೇಲೆ ನಡವಳಿಕೆ ಬದಲಾಗಲಿ ಎಂದು ಕಾಯಬಾರದು, ದಿನದ ನಡವಳಿಕೆ ಬದಲಾದರೆ ಮನಸ್ಸು ಅದರ ಹಿಂದೆ ಬರುತ್ತದೆ ಎನ್ನುವುದು ಅವರು ಈ ಅನುಭವದಿಂದ ತೆಗೆದ ಸಾರ.

ಹಗ್ಗ

ಲೈನ್‌ನ ಉದ್ದಕ್ಕೂ ತಲೆಯ ಎತ್ತರದಲ್ಲಿ ಒಂದು ಹಗ್ಗ. ತೊಂದರೆ ಕಂಡರೆ ಎಳೆಯಬೇಕು. ಎಳೆದ ಕೂಡಲೇ ಒಂದು ರಾಗ ಕೇಳಿಸುತ್ತದೆ, ಮೇಲಿನ ಫಲಕದಲ್ಲಿ ಆ ಜಾಗದ ದೀಪ ಹತ್ತುತ್ತದೆ. ಲೈನ್ ತಕ್ಷಣ ನಿಲ್ಲುವುದಿಲ್ಲ, ಇದು ಬಹಳ ಜನರಿಗೆ ಗೊತ್ತಿರುವುದಿಲ್ಲ. ಒಂದೊಂದು ಜಾಗದ ಕೆಲಸಕ್ಕೆ ಸುಮಾರು ಒಂದು ನಿಮಿಷ. ಕಾರು ಆ ಜಾಗದ ಗಡಿ ಮುಟ್ಟುವವರೆಗೆ ಸಮಯ ಇರುತ್ತದೆ. ಅಷ್ಟರಲ್ಲಿ ಟೀಮ್ ಲೀಡರ್ ಬಂದು, ಇಬ್ಬರೂ ಸೇರಿ ಸರಿಮಾಡಿದರೆ ಹಗ್ಗವನ್ನು ಮತ್ತೊಮ್ಮೆ ಎಳೆಯುತ್ತಾರೆ, ಲೈನ್ ಹಾಗೇ ಸಾಗುತ್ತದೆ. ಸರಿಯಾಗದಿದ್ದರೆ ಮಾತ್ರ ಗಡಿಯಲ್ಲಿ ನಿಲ್ಲುತ್ತದೆ.

ಈ ಲೆಕ್ಕದಲ್ಲಿ ಹಗ್ಗ ಒಂದು ಕರೆ ಮಾತ್ರ. ಕರೆದಾಗ ಬರಲು ಜನ ಬೇಕು. ನುಮ್ಮಿಯಲ್ಲಿ ಐದರಿಂದ ಏಳು ಜನಕ್ಕೆ ಒಬ್ಬ ಟೀಮ್ ಲೀಡರ್, ಅಂಥ ನಾಲ್ಕು ತಂಡಗಳಿಗೆ ಒಬ್ಬ ಗ್ರೂಪ್ ಲೀಡರ್. ಟೀಮ್ ಲೀಡರ್ ಯೂನಿಯನ್ ಸದಸ್ಯರೇ. ತಂಡದ ಎಲ್ಲ ಕೆಲಸವೂ ಅವರಿಗೆ ಬರಬೇಕು. ನಿಮಿಷದೊಳಗೆ ಒಬ್ಬರು ತಲುಪಬೇಕೆಂದರೆ ಇಷ್ಟು ಹತ್ತಿರ ಇರಲೇಬೇಕು. ಮೂವತ್ತು ನಲವತ್ತು ಜನಕ್ಕೆ ಒಬ್ಬ ಸೂಪರ್‌ವೈಸರ್ ಇರುವ ಕಡೆ ಹಗ್ಗ ಕಟ್ಟಿದರೆ ಏನಾಗುತ್ತದೆ? ಕೆಲಸಗಾರ ಎಳೆಯುತ್ತಾನೆ, ಯಾರೂ ಬರುವುದಿಲ್ಲ. ಎರಡು ಮೂರು ಸಲ ಹಾಗಾದರೆ ಮುಂದೆ ಎಳೆಯುವುದೇ ಇಲ್ಲ. ಖರ್ಚು ಕಡಿಮೆ ಮಾಡಬೇಕು ಎಂದು ನಡುವಿನ ಹುದ್ದೆಗಳನ್ನು ತೆಗೆದು, ಅದೇ ಹೊತ್ತಿಗೆ "ಸುಧಾರಣೆ ಎಲ್ಲರ ಹೊಣೆ" ಎಂದು ಗೋಡೆಗೆ ಬರೆಸುವವರು ಈ ಒಂದು ಅಂಶದ ಬಗ್ಗೆ ಯೋಚಿಸಲೇಬೇಕು.

ಆದರೂ ಫ್ರೀಮಾಂಟ್‌ನಲ್ಲಿ ಮೊದಮೊದಲು ಕೈ ಮೇಲೇಳಲಿಲ್ಲ. ಲೈನ್ ನಿಲ್ಲಿಸಿದರೆ ಕೆಲಸ ಹೋಗುತ್ತದೆ ಎಂಬ ಹಳೆಯ ಭಯ ಅಷ್ಟು ಬೇಗ ಬಿಡುತ್ತದೆಯೇ? ಆ ದಿನಗಳ ಒಂದು ಪ್ರಸಂಗ ಬಾಯಿಂದ ಬಾಯಿಗೆ ಬಂದಿದೆ. ಟೊಯೊಡ ಮನೆತನದ ಹಿರಿಯರೊಬ್ಬರು ಲೈನ್ ಬಳಿ ನಡೆದು ಬರುತ್ತಿದ್ದಾಗ ಒಬ್ಬ ಕೆಲಸಗಾರ ಹಿಂದಿನ ದೀಪವನ್ನು ಕೂರಿಸಲು ಒದ್ದಾಡುತ್ತಿದ್ದ. ಹಗ್ಗ ಎಳೆಯಿರಿ ಎಂದರು ಹಿರಿಯರು. ಪರವಾಗಿಲ್ಲ, ನಾನೇ ಸರಿಮಾಡುತ್ತೇನೆ ಎಂದ ಇವನು. ಅವರು ಮತ್ತೆ ಕೇಳಿದರು. ಕೊನೆಗೆ ಅವನ ಕೈ ಹಿಡಿದು, ಇಬ್ಬರೂ ಸೇರಿ ಹಗ್ಗ ಎಳೆದರು. ದೀಪ ಕೂರಿಸಿದ ಮೇಲೆ ಹಿರಿಯರು ತಲೆಬಾಗಿ ಕ್ಷಮೆ ಕೇಳಿದರಂತೆ. ಹಗ್ಗ ಎಳೆಯಲು ನಿಮಗೆ ನೆರವಾಗಬೇಕೆಂದು ನಿಮ್ಮ ಮೇಲಿನವರಿಗೆ ನಾನು ಸರಿಯಾಗಿ ಕಲಿಸಲಿಲ್ಲ, ತಪ್ಪು ನನ್ನದು ಎನ್ನುವುದು ಅವರ ಮಾತಿನ ಅರ್ಥ.

ಈ ಪ್ರಸಂಗದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆ ಕ್ಷಮೆ. ಕೆಲಸಗಾರ ಯಾಕೆ ಎಳೆಯಲಿಲ್ಲ ಎಂದು ಅವರು ವಿಚಾರಣೆ ಮಾಡಲಿಲ್ಲ. ಎಳೆಯದಿರುವುದಕ್ಕೆ ಕಾರಣ ಮೇಲಿದೆ ಎಂದು ಎಲ್ಲರೆದುರು ಒಪ್ಪಿಕೊಂಡರು. ಅದನ್ನು ನೋಡಿದ ಪ್ರತಿ ಮೇಲ್ವಿಚಾರಕರಿಗೂ ಮರುದಿನ ಏನು ಮಾಡಬೇಕೆಂದು ಗೊತ್ತಾಗಿರಬೇಕು.

ಕೆಲಸದ ಕ್ರಮವನ್ನು ನಿಗದಿ ಮಾಡುವುದೂ ತಂಡಗಳ ಕೈಗೆ ಬಂತು. ಸ್ಟಾಪ್‌ವಾಚ್ ಈಗ ಕೆಲಸಗಾರರ ಕೈಯಲ್ಲಿ. ಒಬ್ಬರು ಮಾಡುವುದನ್ನು ಇನ್ನೊಬ್ಬರು ಅಳೆದು, ಎಲ್ಲಿ ಬಗ್ಗಬೇಕಾಗುತ್ತದೆ, ಎಲ್ಲಿ ಸುಮ್ಮನೆ ನಡೆಯಬೇಕಾಗುತ್ತದೆ ಎಂದು ನೋಡಿ, ಒಳ್ಳೆಯ ಕ್ರಮ ಯಾವುದೆಂದು ಚರ್ಚಿಸಿ ಬರೆದಿಡುತ್ತಿದ್ದರು. ಇನ್ನೊಂದು ಪಾಳಿಯವರ ಜೊತೆ ಕೂತು ಎರಡೂ ಕಡೆ ಒಂದೇ ಕ್ರಮ ಮಾಡುತ್ತಿದ್ದರು. ಪಾಲ್ ಆಡ್ಲರ್ ಎಂಬ ಪ್ರಾಧ್ಯಾಪಕರು ಈ ಕಾರ್ಖಾನೆಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಅವರು ಹೆಚ್ಚು ಒತ್ತಿ ಹೇಳುವುದು ಇದನ್ನೇ: ನಿಯಮಗಳು ಕಟ್ಟುನಿಟ್ಟಾಗಿಯೇ ಇದ್ದವು, ಆದರೆ ಅವನ್ನು ಬರೆದವರು ಅವನ್ನು ಪಾಲಿಸುವವರೇ. ಕೆಲಸ ಹಗುರವಾಯಿತು ಎಂದು ಯಾರೂ ಹೇಳಲಿಲ್ಲ. ನಿಜ ಹೇಳಬೇಕೆಂದರೆ ಹಿಂದಿಗಿಂತ ಜಾಸ್ತಿಯೇ ದುಡಿಯಬೇಕಿತ್ತು.

ಹತ್ತಾರು ಬಗೆಯ ಹುದ್ದೆಗಳು ಹೋಗಿ ಉತ್ಪಾದನೆಗೆ ಒಂದೇ ದರ್ಜೆ ಉಳಿಯಿತು. ಅಧಿಕಾರಿಗಳ ಬೇರೆ ಊಟದ ಕೋಣೆ, ಬೇರೆ ಪಾರ್ಕಿಂಗ್ ಜಾಗ ಹೋಯಿತು.

ಅಂಕಿಗಳು ಏನು ಹೇಳಿದವು? ನುಮ್ಮಿಯಲ್ಲೇ ಎಂಜಿನಿಯರ್ ಆಗಿದ್ದು ಆಮೇಲೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ಸೇರಿದ ಜಾನ್ ಕ್ರಾಫ್ಸಿಕ್ 1986ರ ಸುಮಾರಿಗೆ ಮೂರು ಕಾರ್ಖಾನೆಗಳನ್ನು ಹೋಲಿಸಿದರು. ಒಂದು ಕಾರಿನ ಜೋಡಣೆಗೆ ಜನರಲ್ ಮೋಟಾರ್ಸ್‌ನ ಫ್ರೇಮಿಂಗ್‌ಹ್ಯಾಮ್ ಕಾರ್ಖಾನೆಯಲ್ಲಿ 31 ಗಂಟೆ, ತಕಾಓಕದಲ್ಲಿ 16, ನುಮ್ಮಿಯಲ್ಲಿ 19. ನೂರು ಕಾರಿಗೆ ದೋಷಗಳು ಫ್ರೇಮಿಂಗ್‌ಹ್ಯಾಮ್‌ನಲ್ಲಿ 130ರ ಆಸುಪಾಸು, ತಕಾಓಕ ಮತ್ತು ನುಮ್ಮಿ ಎರಡರಲ್ಲೂ 45. ಗೈರುಹಾಜರಿ ಶೇ. 4ಕ್ಕಿಂತ ಕೆಳಗಿಳಿಯಿತು. ನನಗೆ ಇವೆಲ್ಲಕ್ಕಿಂತ ಮುಖ್ಯ ಅನಿಸುವುದು ಸಲಹೆ ಕೊಟ್ಟವರ ಸಂಖ್ಯೆ. 1986ರಲ್ಲಿ ಶೇ. 26ರಷ್ಟು ಕೆಲಸಗಾರರು ಸಲಹೆ ಕೊಟ್ಟಿದ್ದರು. 1991ರಲ್ಲಿ ಶೇ. 92. ಕೊಟ್ಟ ಸಲಹೆಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಜಾರಿಗೆ ಬಂದವು. ಈ ಎರಡನೆಯ ಅಂಕಿಯೇ ಮೊದಲನೆಯದಕ್ಕೆ ಕಾರಣ. ಪೆಟ್ಟಿಗೆಯಲ್ಲಿ ಹಾಕಿದ ಚೀಟಿ ಎಲ್ಲಿ ಹೋಯಿತೆಂದು ಗೊತ್ತಾಗದ ಕಡೆ ಯಾರು ಎರಡನೆಯ ಚೀಟಿ ಬರೆಯುತ್ತಾರೆ? ಇಷ್ಟಾಗಲು ಐದು ವರ್ಷ ಹಿಡಿಯಿತು ಎನ್ನುವುದನ್ನೂ ನೆನಪಿಡಬೇಕು. ಕಾರಿನ ಗುಣಮಟ್ಟ ಎರಡು ವರ್ಷದಲ್ಲಿ ಬಂದಿತ್ತು. ಜನರ ನಂಬಿಕೆ ಅದಕ್ಕಿಂತ ನಿಧಾನ.

ಮಾತು ಪರೀಕ್ಷೆಗೆ ಬಿದ್ದ ವರ್ಷ

ಕೆಲಸಗಾರರ ಮನಸ್ಸಿನಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತದೆ. ನಾನು ಕೆಲಸವನ್ನು ಸುಧಾರಿಸಿ ಇಬ್ಬರದನ್ನು ಒಬ್ಬರೇ ಮಾಡುವಂತೆ ಮಾಡಿದರೆ, ಆ ಇನ್ನೊಬ್ಬರ ಗತಿ ಏನು? ಇದಕ್ಕೆ ಉತ್ತರ ಕೊಡದೆ ಸಲಹೆ ಕೇಳುವುದು ಅನ್ಯಾಯ. ನುಮ್ಮಿಯ ಒಪ್ಪಂದದಲ್ಲಿ ಉತ್ತರ ಬರೆದಿತ್ತು. ಕಂಪನಿಯ ಉಳಿವಿಗೇ ಕುತ್ತು ಬಂದರೆ ಮಾತ್ರ ಲೇಆಫ್. ಅದಕ್ಕೂ ಮೊದಲು ಹೊರಗೆ ಕೊಟ್ಟ ಕೆಲಸಗಳನ್ನು ಒಳಗೆ ತರಬೇಕು, ಮೇಲಧಿಕಾರಿಗಳ ಸಂಬಳ ಕಡಿತವಾಗಬೇಕು.

ಬರೆಯುವುದು ಸುಲಭ. 1987-88ರಲ್ಲಿ ನುಮ್ಮಿಯಲ್ಲಿ ತಯಾರಾಗುತ್ತಿದ್ದ ಷೆವರ್ಲೆ ನೋವಾ ಕಾರಿನ ಮಾರಾಟ ಬಿತ್ತು. ಕಾರ್ಖಾನೆ ತನ್ನ ಸಾಮರ್ಥ್ಯದ ಸುಮಾರು ಶೇ. 60ಕ್ಕೆ ಇಳಿಯಿತು. ಹಳೆಯ ಲೆಕ್ಕದಲ್ಲಾದರೆ ನೂರಾರು ಜನ ಮನೆಗೆ ಹೋಗಬೇಕಿತ್ತು. ಯಾರನ್ನೂ ಕಳಿಸಲಿಲ್ಲ. ಲೈನ್‌ನ ವೇಗ ತಗ್ಗಿಸಿದರು. ಉಳಿದ ಜನರನ್ನು ತರಬೇತಿಗೆ, ಕೈಜೆನ್ ಕೆಲಸಕ್ಕೆ, ಕಾರ್ಖಾನೆಯ ದುರಸ್ತಿಗೆ ಹಾಕಿದರು. ಜಪಾನಿನವರು ಬಂದು ನಾಲ್ಕು ವರ್ಷವಾದರೂ "ನೋಡೋಣ, ಕಷ್ಟ ಬಂದಾಗ ಏನು ಮಾಡ್ತಾರೆ" ಎಂದು ಕಾಯುತ್ತಿದ್ದವರಿಗೆ ಉತ್ತರ ಸಿಕ್ಕಿತು. ಮುಂದಿನ ವರ್ಷಗಳಲ್ಲಿ ಸಲಹೆಗಳು ಅಷ್ಟು ಏರಿದ್ದಕ್ಕೂ ಇದಕ್ಕೂ ನಂಟಿದೆ ಎಂದು ನನಗೆ ಬಲವಾಗಿ ಅನಿಸುತ್ತದೆ.

ಜಾರಿದ ಜಾಗ

ನುಮ್ಮಿಯನ್ನು ಸ್ವರ್ಗದಂತೆ ಹೇಳುವವರಿದ್ದಾರೆ. ಅದು ಸರಿಯಲ್ಲ. ಒತ್ತಡ ಹಾಕಿಯೇ ಕೆಲಸ ತೆಗೆಯುವ ಪದ್ಧತಿ ಇದು ಎಂದು ಟೀಕಿಸಿದವರು ಯೂನಿಯನ್ ಒಳಗೇ ಇದ್ದರು. ಅವರ ಮಾತಿನಲ್ಲಿ ಹುರುಳಿತ್ತು ಎನ್ನುವುದಕ್ಕೆ 1993ರ ಮಾದರಿಯ ಕಾರು ಶುರುವಾದಾಗ ನಡೆದದ್ದೇ ಸಾಕ್ಷಿ. ಹೊಸ ಮಾದರಿ, ಹೊಸ ಭಾಗಗಳು, ಅವಸರದ ವೇಳಾಪಟ್ಟಿ. ಕೈ, ಭುಜ, ಬೆನ್ನಿನ ನೋವುಗಳು ಏರಿದವು. ತಂಡಗಳು ತೊಂದರೆ ಹೇಳಿದವು, ಆದರೆ ಉತ್ಪಾದನೆ ಏರಿಸುವ ಗಡಿಬಿಡಿಯಲ್ಲಿ ಉತ್ತರ ಬೇಗ ಬರಲಿಲ್ಲ. ರಾಜ್ಯದ ಸುರಕ್ಷತಾ ಇಲಾಖೆ ಕಂಪನಿಗೆ ನೋಟಿಸ್ ಕೊಟ್ಟಿತು.

ಇಲ್ಲೂ ನನಗೆ ಕಾಣುವುದು ಅದೇ ಒಂದು ನಿಮಿಷ. ಹಗ್ಗ ಇತ್ತು, ರಾಗ ಕೇಳಿಸುತ್ತಿತ್ತು, ಫಲಕದಲ್ಲಿ ದೀಪವೂ ಹತ್ತುತ್ತಿತ್ತು. ಆದರೆ ಬೋಲ್ಟ್‌ನ ತೊಂದರೆಗೆ ಓಡಿ ಬರುತ್ತಿದ್ದವರು ಭುಜದ ನೋವಿಗೆ ಅಷ್ಟೇ ಬೇಗ ಓಡಿ ಬರಲಿಲ್ಲ. ಆಮೇಲೆ ಕಂಪನಿ ಮತ್ತು ಯೂನಿಯನ್ ಸೇರಿ ದೇಹಕ್ಕೆ ಹೊಂದುವ ಕೆಲಸದ ಬಗ್ಗೆ ಪ್ರತ್ಯೇಕ ವ್ಯವಸ್ಥೆ ಮಾಡಿದರು. 1995ರಲ್ಲಿ ಹೊಸ ಪಿಕಪ್ ಶುರುವಾದಾಗ ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡರು.

ಕಾರ್ಖಾನೆ 2010ರ ಏಪ್ರಿಲ್ 1ರವರೆಗೆ ನಡೆಯಿತು. ಒಟ್ಟು 80 ಲಕ್ಷದ ಹತ್ತಿರ ವಾಹನಗಳು ಹೊರಬಂದವು. 2009ರಲ್ಲಿ ದಿವಾಳಿ ಅರ್ಜಿ ಹಾಕಿದ ಜನರಲ್ ಮೋಟಾರ್ಸ್ ಜಂಟಿ ಕಂಪನಿಯಿಂದ ಹೊರಬಿತ್ತು, ಟೊಯೋಟ ಒಂಟಿಯಾಗಿ ಮುಂದುವರಿಸಲಿಲ್ಲ. ಈಗ ಆ ಕಟ್ಟಡ ಟೆಸ್ಲಾದ್ದು.

ಪಕ್ಕದ ಕಾರ್ಖಾನೆಗೆ ಯಾಕೆ ಹಬ್ಬಲಿಲ್ಲ

ಕಲಿಯಲೆಂದೇ ಜನರಲ್ ಮೋಟಾರ್ಸ್ ತನ್ನ 16 ಅಧಿಕಾರಿಗಳನ್ನು ನುಮ್ಮಿಗೆ ಕಳಿಸಿತ್ತು. ಅವರು ಕಲಿತರು. ವಾಪಸ್ ಹೋದ ಮೇಲೆ ಒಬ್ಬೊಬ್ಬರು ಒಂದೊಂದು ಕಡೆ ಚದುರಿಹೋದರು. ಸಾವಿರಾರು ಜನರ ನಡುವೆ ಒಬ್ಬ ಒಂಟಿ ಅಧಿಕಾರಿ ಏನು ಮಾಡಬಹುದಿತ್ತು?

ಲಾಸ್ ಏಂಜಲೀಸ್‌ನಲ್ಲಿದ್ದ ಜನರಲ್ ಮೋಟಾರ್ಸ್‌ನ ವ್ಯಾನ್ ನೈಸ್ ಕಾರ್ಖಾನೆ ಇದೇ ಪದ್ಧತಿಯನ್ನು ತರಲು ಹೊರಟಿತು. ಮುಚ್ಚಿಹೋಗಬಹುದು ಎಂಬ ಬೆದರಿಕೆಯ ನೆರಳಿನಲ್ಲಿ, 1986ರಲ್ಲಿ, ಸಣ್ಣ ಅಂತರದಲ್ಲಿ ಕಾರ್ಮಿಕರು ಒಪ್ಪಿಗೆ ಕೊಟ್ಟರು. ಹೆದರಿ ಒಪ್ಪಿಕೊಂಡ ಮಾತಿಗೆ ಎಷ್ಟು ಬಲ? ಅರ್ಧ ಜನಕ್ಕೆ ಇದು ಯೂನಿಯನ್ ಒಡೆಯುವ ತಂತ್ರ ಅನಿಸಿತು. ತಂಡಗಳನ್ನು ಮಾಡಿದರು, ಹಗ್ಗ ಕಟ್ಟಿದರು. ಆದರೆ ಸೂಪರ್‌ವೈಸರ್‌ಗಳ ಅಳತೆಗೋಲು ಬದಲಾಗಲಿಲ್ಲ. ಪಾಳಿಯಲ್ಲಿ ಎಷ್ಟು ಕಾರು ಹೊರಬಂತು ಎನ್ನುವುದರ ಮೇಲೆಯೇ ಅವರ ಬೋನಸ್ ನಿಂತಿತ್ತು. ಹಗ್ಗ ಎಳೆದವನ ಕಡೆ ಅವರು ಯಾವ ಮುಖ ಹೊತ್ತು ಬಂದಿರಬಹುದೆಂದು ಊಹಿಸಿಕೊಳ್ಳಿ. ಅವರನ್ನು ದೂಷಿಸುವುದು ನನಗೆ ಸರಿ ಅನಿಸುವುದಿಲ್ಲ. ಲೈನ್ ನಿಂತರೆ ಸಂಬಳ ಕಡಿಮೆಯಾಗುವಂತೆ ಮಾಡಿ, ಲೈನ್ ನಿಲ್ಲಿಸಲು ಪ್ರೋತ್ಸಾಹ ಕೊಡಿ ಎಂದರೆ ಅವರಾದರೂ ಏನು ಮಾಡಬೇಕು? ವ್ಯಾನ್ ನೈಸ್ 1992ರ ಆಗಸ್ಟ್‌ನಲ್ಲಿ ಮುಚ್ಚಿತು.

ಆ ಕಾಲದ ಇನ್ನೊಂದು ಪ್ರಸಂಗ ಇದೆ. ಜನರಲ್ ಮೋಟಾರ್ಸ್‌ನ ಒಬ್ಬ ಹಿರಿಯ ಅಧಿಕಾರಿ ತನ್ನ ಕೈಕೆಳಗಿನವರಿಗೆ, ನುಮ್ಮಿಯ ಮೂಲೆಮೂಲೆಯ ಫೋಟೋ ತೆಗೆದು ತನ್ನಿ, ನಮ್ಮ ಕಾರ್ಖಾನೆಯಲ್ಲೂ ಎಲ್ಲ ಹಾಗೇ ಇರಬೇಕು ಎಂದು ಹೇಳಿದರಂತೆ. ಫೋಟೋದಲ್ಲಿ ಹಗ್ಗ ಬರುತ್ತದೆ, ಫಲಕ ಬರುತ್ತದೆ, ನೆಲಕ್ಕೆ ಬಳಿದ ಗೆರೆಗಳೂ ಬರುತ್ತವೆ.

ವ್ಯಾನ್ ನೈಸ್ ಮುಚ್ಚಿದ ಮರು ತಿಂಗಳು ಜರ್ಮನಿಯ ಐಸೆನಾಕ್‌ನಲ್ಲಿ ಆಗ ಜನರಲ್ ಮೋಟಾರ್ಸ್‌ನದೇ ಆಗಿದ್ದ ಒಪೆಲ್ ಕಂಪನಿಯ ಕಾರ್ಖಾನೆ ಶುರುವಾಯಿತು. ನುಮ್ಮಿಯ ಪದ್ಧತಿಯನ್ನು ಒಳಗಿದ್ದು ಕಲಿತವರನ್ನು ಅಲ್ಲಿಗೆ ಒಟ್ಟಿಗೆ ಕಳಿಸಿದ್ದರು. ಅವರು ಲೈನ್ ಶುರುವಾಗುವ ಮೊದಲೇ ಹೊಸ ಟೀಮ್ ಲೀಡರ್‌ಗಳ ಜೊತೆ ಕೆಲಸಕ್ಕೆ ಕೂತರು, ತಕಾಓಕದಲ್ಲಿ ಫ್ರೀಮಾಂಟ್‌ನವರ ಪಕ್ಕ ಜಪಾನಿನವರು ನಿಂತಿದ್ದ ಹಾಗೆ. ಐಸೆನಾಕ್ ಕೆಲವೇ ವರ್ಷಗಳಲ್ಲಿ ಯುರೋಪಿನ ಅತ್ಯಂತ ಸಮರ್ಥ ಕಾರು ಕಾರ್ಖಾನೆಗಳಲ್ಲಿ ಒಂದು ಎನಿಸಿಕೊಂಡಿತು.